ಗಾಲಿಗೊಂದು ಕಲ್ಲು

ಹತ್ತಿ ಮಾರುಕಟ್ಟೆಯ ಕಾಟಾಗಳಿಗೆ ಮುದ್ರೆ ಒತ್ತಲು
ಹೋದವನು ನಾನು, ರಾಯಚೂರಿಗೆ, ಏಪ್ರಿಲ್‌ನಲ್ಲಿ.
ಹನ್ನೊಂದಕ್ಕೇ ಹಮಾಲರು ಚೀಲಕ್ಕೆ ಬೆನ್ನು ಹಚ್ಚಿ ಮಲಗಿದರು.
ದಲಾಲಿ ಅಂಗಡಿಯ ಗುಮಾಸ್ತ ಅಂದ:
‘ಸಾಹೇಬ್ರ, ಇನ್ನು ನಾಕರ ತನಕ
ಇಲ್ಲಿ ತೂಗೋದು ಬಿಸಿಲೊಂದೇ. ಊರು ನೋಡಿ ಬರ್ರಿ.’

ಆಟೋದವನ ಹೆಸರು ಹುಸೇನಪ್ಪ.
ಹಣೆಯ ಮೇಲೆ ವಿಭೂತಿ; ಕನ್ನಡಿಗೆ ಕಟ್ಟಿದ್ದು
ಮುದಗಲ್ಲಿನ ಮೊಹರಮ್ಮಿನ ಕೆಂಪು ಲಾಡಿ.
ನಾನು ಕೇಳಲಿಲ್ಲ, ಅವನೇ ಹೇಳಿದ:
‘ನಮ್ಮವ್ವಗ ನಾಕು ಹೋದ ಮ್ಯಾಲ ಉಳದಾಂವ ನಾನ್ರಿ,
ದೇವ್ರ ಮುಂದ ಬೇಡಿಕೊಂಡ ಹೆಸರು.
ಕೂಡ್ರಿ, ಸೀಟು ಸುಡ್ತದ, ಟವೆಲ್ ಹಾಸೀನಿ.’
ಮಾನಕ ತೂಕದ ಪೆಟ್ಟಿಗೆ ತೊಡೆಯ ಮೇಲೆ;
ಸರಕಾರಿ ಸೊತ್ತು, ಬಿಟ್ಟು ಹೋಗುವಂತಿಲ್ಲ.

ಕೋಟೆಯ ಗೋಡೆಯಲ್ಲಿ ಆ ಕಲ್ಲು.
ನಲವತ್ತೊಂದು ಅಡಿ, ಒಂದೇ ಅಖಂಡ.
ಅಕ್ಷರ ದೂರದಿಂದ ನಮ್ಮವೇ,
ಹತ್ತಿರ ಹೋದರೆ ತೆಲುಗು.
ಕನ್ನಡಕ ಒರೆಸಿಕೊಂಡು ನೋಡಿದೆ, ಆಗಲೂ ತೆಲುಗು.
ಕಟ್ಟಿಸಿದವರ ಹೆಸರುಂಟು, ಶಕವರ್ಷ ಉಂಟು,
ತೂಕ ಮಾತ್ರ ಬರೆದಿಲ್ಲವಂತೆ.
ಇಪ್ಪತ್ತಾರು ವರ್ಷ ಇಲಾಖೆಯಲ್ಲಿ ಸವೆದ ಕಣ್ಣು
ಉದ್ದ ಅಗಲ ಗುಣಿಸುತ್ತ ನಿಂತಿತು;
ದಪ್ಪ ಗೋಡೆಯೊಳಗೆ ಅಡಗಿತ್ತು. ಲೆಕ್ಕ ಅಲ್ಲಿಗೇ ಬಿತ್ತು.

‘ಅದನ್ನ ಬಿಡ್ರಿ, ಇದನ್ನ ನೋಡ್ರಿ’ ಎಂದು ಹುಸೇನಪ್ಪ
ಬೆರಳು ಮಾಡಿ ತೋರಿಸಿದ ಸಣ್ಣ ಗೀರುಚಿತ್ರ:
ಅದೇ ಕಲ್ಲು, ಬಂಡಿಯ ಮೇಲೆ,
ಮುಂದೆ ಕೋಣಗಳ ಸಾಲು, ಮುಗಿಯದ ಸಾಲು,
ಹಿಂದೆ ಗಾಲಿಗೆ ಸನ್ನೆ ಕೊಟ್ಟು ಬಾಗಿದವರು.
ಉಗುರಿನಷ್ಟು ಜನ. ಮುಖ ಅಳಿಸಿದೆ, ಬೆನ್ನು ಉಳಿದಿದೆ.
‘ಎಳಿಯೋರು ಭಾಳ ಮಂದಿ ಸಿಗತಾರ್ರಿ.
ಹಿಂದಕ್ಕ ಉರುಳದಂಗ ನೋಡಕೊಳ್ಳಾಕ ಒಬ್ಬ ಬೇಕು’
ಅಂದವನೇ ಗುಟ್ಕಾ ಉಗಿಯಲು ಆಚೆ ಹೋದ.

ಏಕ್ ಮಿನಾರಿನ ನೆರಳು ಒಂದೇ ಗೆರೆ.
ಅದರೊಳಗೆ ಒಂದು ಆಡು, ಒಬ್ಬ ಐಸ್‌ಕ್ಯಾಂಡಿಯವ, ನಾವಿಬ್ಬರು
ಸಾಲಾಗಿ ನಿಂತೆವು, ರೇಷನ್ ಅಂಗಡಿಯ ಮುಂದಿನಂತೆ.
ನೆರಳು ಸರಿದಾಗ ಆಡು ಮೊದಲು ಸರಿಯಿತು.

ಮಲಿಯಾಬಾದಿನ ದಾರಿ. ಯಾರೋ ಪೇರಿಸಿ,
ಊಟಕ್ಕೆ ಹೋಗಿ, ಮರೆತುಬಿಟ್ಟ ಬಂಡೆಗಳು.
ಏರಿನಲ್ಲಿ ಆಟೋ ಕೆಮ್ಮಿತು, ನಿಂತಿತು,
ಹಿಂದಕ್ಕೆ ಜಾರತೊಡಗಿತು.
‘ಸಾಹೇಬ್ರ, ಸೀಟಿನ ಕೆಳಗ! ಕಲ್ಲು!’
ಜಿಗಿದೆ. ಮೂಲೆ ಸವೆದ ಬೂದು ತುಂಡು,
ಟೈರಿನ ಕರಿ ತಿಂದು ಒಂದು ಮಗ್ಗುಲು ನುಣುಪು.
ಗಾಲಿಗೆ ಒಡ್ಡಿ, ಅಂಗೈ ಊರಿ ಕೂತೆ
ಅವನು ಪ್ಲಗ್ಗು ಬಿಚ್ಚಿ ಊದುವ ತನಕ.
ನನ್ನ ಬೆನ್ನು ಎಷ್ಟು ಬಾಗಿತ್ತೋ, ಯಾರೂ ಗೀರಿಕೊಳ್ಳಲಿಲ್ಲ.
ಒಂದು ಓತಿಕ್ಯಾತ ನೋಡಿ ತಲೆಯಾಡಿಸಿತು.

ಪಾಳುಕೋಟೆಯಲ್ಲಿ ಎರಡು ಕಲ್ಲಾನೆ.
ಅವುಗಳ ನೆರಳಲ್ಲಿ ಕೂತು
ಅವನ ಬುತ್ತಿಯ ರೊಟ್ಟಿ, ಪುಂಡಿಪಲ್ಯ ಹಂಚಿಕೊಂಡೆವು.
‘ಆನಿ ತೂಗೋ ಕಾಟಾ ಅದ ಏನ್ರಿ ನಿಮ್ಮ ಹತ್ರ?’
ಲಾರಿ ತೂಗುವ ವೇಬ್ರಿಡ್ಜ್ ಇದೆ ಅಂದೆ.
‘ಮತ್ತ ಆನಿ ಎದ್ದು ಬರಬೇಕಲ್ರಿ’ ಅಂದ.

ಹೊತ್ತಿಳಿಯಿತು. ಮುದ್ರೆ ಒತ್ತಿದೆ. ರಾತ್ರಿ ಬಸ್ಸು.
ಮೂರನೇ ದಿನ ಕಚೇರಿಯಲ್ಲಿ ಪೆಟ್ಟಿಗೆ ತೆರೆದರೆ
ಹಿತ್ತಾಳೆಯ ತೂಕಗಳ ನಡುವೆ ಆ ಕಲ್ಲು.
ಯಾವಾಗ ಇಟ್ಟೆನೋ. ಬೆವರುಗೈ, ಬಿಸಿಲಿನ ಮಂಕು.
ಅಭ್ಯಾಸಬಲ, ಕಾಟಾದ ಮೇಲಿಟ್ಟೆ:
ಒಂದು ಕಿಲೋ ಎಂಟುನೂರ ನಲವತ್ತು ಗ್ರಾಂ.
ವಹಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ಹುಸೇನಪ್ಪ, ನಿನ್ನ ನಂಬರು ಕೇಳಿರಲಿಲ್ಲ.
ಈಗ ಯಾವ ಏರಿನಲ್ಲಿ ನಿಂತಿದ್ದೀಯೋ,
ಗಾಲಿಗೆ ಏನು ಒಡ್ಡಿದ್ದೀಯೋ.