ಅರ್ತ ಇಲ್ಲ

ಹತ್ತೂವರೆಗೆ ನೋಂದಣಿ. ಕೊಳ್ಳುವವನು, ಮಾರುವವಳು
ಸಬ್‌ರಿಜಿಸ್ಟ್ರಾರ್ ಆಫೀಸಿನ ಹೊಂಗೆಮರದಡಿ
ಒಬ್ಬರ ಮುಖ ಒಬ್ಬರು ನೋಡದೆ ಕೂತಿರುತ್ತಾರೆ.
ಛಾಪಾಕಾಗದ ನನ್ನ ಬ್ಯಾಗಿನಲ್ಲಿ.
ಚೇಳೂರು ರಸ್ತೆಯಲ್ಲಿ ಟೀಗೆಂದು ನಿಲ್ಲಿಸಿದ್ದೇ ತಪ್ಪು.
ಗುಂಡಿ ಒತ್ತಿದರೆ
ಟಿಕ್.
ಮತ್ತೆ ಒತ್ತಿದರೆ ಮತ್ತೆ ಟಿಕ್,
ಜಾತಕ ನೋಡಿದ ಸೋದರಮಾವ ಲೊಚಗುಟ್ಟಿದ ಹಾಗೆ.

ಕಿಕ್ಕರ್ ಇಲ್ಲದ ಗಾಡಿ. ಒದೆಯಲು ನನಗೆ ಕಾಲುಂಟು,
ಒದೆಸಿಕೊಳ್ಳಲು ಅದಕ್ಕೇನಿಲ್ಲ.
ಎರಡನೇ ಗೇರಿಗೆ ಹಾಕಿ ತಳ್ಳಿ ಸಾರ್ ಅಂದರು ಟೀ ಕುಡಿಯುತ್ತಿದ್ದವರು,
ಗ್ಲಾಸು ಕೆಳಗಿಡದೆ.
ಏರುರಸ್ತೆ. ನನಗೆ ಐವತ್ತನಾಲ್ಕು.
ತಳ್ಳಿದ್ದು ಬಾಬಾಜಾನ್ ಅಂಗಡಿಯವರೆಗೆ ಮಾತ್ರ,
ಕಡಲೆಕಾಯಿ ಮಿಲ್ಲಿನ ಹೊಟ್ಟಿನ ಧೂಳು ಕುಡಿಯುತ್ತ.

ಬಾಬಾಜಾನ್‌ಗೆ ಕಿವಿ ಕೇಳಿಸದು, ಹುಟ್ಟಿದಾಗಿನಿಂದ.
ಇಂಜಿನ್ ಕೇಳದ ಮೆಕ್ಯಾನಿಕ್ಕೇ ಎಂದು ನಕ್ಕವರ ಗಾಡಿಗಳೇ
ಈಗ ಅವನ ಬಾಗಿಲಲ್ಲಿ ಸಾಲಾಗಿ.
ಸೈಡ್‌ಕವರ್ ಬಿಚ್ಚಿದ. ರಿಲೇ ಮೇಲೆ ಎರಡು ಬೆರಳಿಟ್ಟ,
ನಾಡಿ ಹಿಡಿದಂತೆ.
ಹೆಬ್ಬೆರಳು ಆಡಿಸಿದ: ಒತ್ತು.
ನನಗೆ ಕೇಳಿಸಿದ ಟಿಕ್ಕು ಅವನ ಬೆರಳಿಗೆ ತಾಗಿತು, ತಲೆಯಾಡಿಸಿದ.
ಅಂಗೈ ಜಾರಿತು ಮೋಟರಿನ ಹೊಟ್ಟೆಗೆ. ಒತ್ತು.
ಅಲ್ಲಿ ಏನೂ ಇಲ್ಲ.
ಹೆಡ್‌ಲೈಟಿಗೆ ಕೈ ಮರೆಮಾಡಿ ಇಣುಕಿದ. ಒತ್ತು.
ಬೆಳಕು ಇದ್ದಂತೇ ಇತ್ತು.
‘ಮಂಕಾಗಬೇಕು ಸಾರ್, ಮೋಟರು ಕರೆಂಟು ಎಳೆದರೆ,’
ಅಂದ ಹುಡುಗ ಮುನಿನರಸಿಂಹ.
ಮಂಕಾಗದಿರುವುದೂ ಒಂದು ರೋಗವೆ?
‘ಕಾರ್ಬನ್ ಸವೆದಿದೆ, ಬಿಚ್ಚಿದರೆ ಎರಡು ಸಾವಿರ’
ಅನ್ನುವಷ್ಟರಲ್ಲಿ ಬಾಬಾಜಾನ್
ಸ್ಪ್ಯಾನರ್ ಹಿಡಿದ ಹುಡುಗನ ಮಣಿಕಟ್ಟಿಗೆ ಪಟ್ಟೆಂದು ಕೊಟ್ಟ.

ನಾನು ಪತ್ರ ಬರೆಯುವವನು. ಸುಮ್ಮನೆ ನಿಂತರೂ
ಒಳಗೆ ಪೆನ್ನು ಓಡುತ್ತದೆ.
ಷೆಡ್ಯೂಲು ಸ್ವತ್ತಿನ ಚಕ್ಕುಬಂದಿ:
ಪೂರ್ವಕ್ಕೆ ಬ್ಯಾಟರಿ, ಮೀಟರಿನಲ್ಲಿ ಹನ್ನೆರಡೂವರೆ, ತಕರಾರಿಲ್ಲ.
ಪಶ್ಚಿಮಕ್ಕೆ ರಿಲೇ, ಸ್ವಾಧೀನದಲ್ಲಿದೆ.
ಉತ್ತರಕ್ಕೆ ಕ್ಲಚ್ಚಿನ ಸ್ವಿಚ್ಚು. ಸ್ಟ್ಯಾಂಡು ಎತ್ತಿದೆ, ನ್ಯೂಟ್ರಲ್ ಹಸಿರು.
ದಕ್ಷಿಣಕ್ಕೆ ಮೋಟರು.
ಎಲ್ಲರ ಕಾಗದವೂ ಸರಿ.
ಆದರೂ ಸ್ವತ್ತು ತಿರುಗದು.

ಆಗ ಅವನು ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು
ಎಣ್ಣೆ ಕುಡಿದ ನೆಲದ ಮೇಲೆ ಬರೆದ:
ಅರ್ತ ಇಲ್ಲ.

ಮೂವತ್ತು ವರ್ಷದ ಚಾಳಿ ಬಿಡುತ್ತದೆಯೆ?
ಬಗ್ಗಿ, ತ ಅಳಿಸಿ, ಥ ಬರೆದೆ.
ಮಹಾಪ್ರಾಣ ಕೊಟ್ಟೆ. ಅರ್ಥ ಇಲ್ಲ.
ಒಪ್ಪಿದೆ ಕೂಡ: ನಿಜ ಮಾರಾಯಾ,
ಗಾಡಿಗೂ ಇಲ್ಲ, ಈ ಬೆಳಿಗ್ಗೆಗೂ ಇಲ್ಲ,
ಅಕ್ಕತಂಗಿಯರ ಸಹಿ ತಪ್ಪಿಸಿ ನಾನಿವತ್ತು ಮಾಡಿಸಬೇಕಿರುವ ಕ್ರಯಪತ್ರಕ್ಕಂತೂ–
ಅವನು ನನ್ನನ್ನು ದಡ್ಡ ಹುಡುಗನಂತೆ ನೋಡಿದ.
ನನ್ನ ಥ ಒರೆಸಿದ. ಪಕ್ಕದಲ್ಲಿ
ನಿಂತ ಗೆರೆಯೊಂದು, ಅದರ ಬುಡಕ್ಕೆ
ಮಲಗಿದ ಗೆರೆ ಮೂರು, ಒಂದಕ್ಕಿಂತ ಒಂದು ಗಿಡ್ಡ.
ಬೆರಳಲ್ಲಿ ನೆಲ ತಟ್ಟಿದ.
‘ಅರ್ತು ಸಾರ್, ಅರ್ತು. ಹೋದ ಕರೆಂಟು ವಾಪಸು ಬರೋ ದಾರಿ.’

ತುಂಡು ವೈರಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ,
ಇನ್ನೊಂದು ಮೋಟರಿನ ಬರಿಮೈಗೆ. ಒತ್ತು.
ಗರ್ರೆಂದಿತು! ಅವನ ತೋಳು ನಡುಗಿತು, ನಕ್ಕ.

ತಪ್ಪು ನನ್ನದೇ. ಆಯುಧಪೂಜೆಗೆಂದು
ಇಂಜಿನ್ನಿಗೆ ಕರೀ ಬಣ್ಣ ಹೊಡೆಸಿದ್ದೆ.
ಅರ್ತಿನ ಬೋಲ್ಟು ಬಿಚ್ಚಿ, ಅದರಡಿಯೂ ಬಳಿದು,
ಮೇಲೆ ಬಿಗಿದಿದ್ದ ಪೇಂಟರು. ಮಿರಮಿರ ಮಿಂಚುತ್ತಿತ್ತು.
ಎಮರಿ ಹಾಳೆಯಲ್ಲಿ ಉಜ್ಜಿ ಉಜ್ಜಿ
ಕಾಸಗಲ ಲೋಹ ಬೆಳ್ಳಗಾಗುವ ತನಕ ಕಾದೆ.
ಅರವತ್ತು ರೂಪಾಯಿ.

ತಡವಾಗಿಯೇ ತಲುಪಿದೆ. ಹೊಂಗೆಮರದಡಿ ಇಬ್ಬರೂ ಎದ್ದರು.
ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ
ಓದಿ ಹೇಳಿದೆ. ಕೆಳಕ್ಕೆ ಏನೆಂದು
ಈ ಮೂವತ್ತು ವರ್ಷದಲ್ಲಿ ಒಬ್ಬರೂ ಕೇಳಿಲ್ಲ,
ನಾನೂ ಬರೆದಿಲ್ಲ.
ಹೆಬ್ಬೆಟ್ಟಿಗೆ ಮಸಿ ಮೆತ್ತಿಸಿಕೊಂಡು ಆಕೆ
ಎಲ್ಲಿ ಒತ್ತಲಿ ಅಂದಳು.
ಸೀಮೆಸುಣ್ಣದ ಬೆರಳಿನಲ್ಲಿ ತೋರಿಸಲು ಹೋಗಿ
ಸ್ವಲ್ಪ ತಡೆದೆ.