ಮೂವತ್ತೆಂಟು

ಇಲ್ಲಿ ಸೂರ್ಯ ಉತ್ತರಕ್ಕೆ ವಾಲಿಕೊಂಡು ನಡೆಯುತ್ತಾನೆ.
ಸ್ಪೆನ್ಸರ್ ಕೊಲ್ಲಿಯ ನೆತ್ತಿಯ ಈ ಉಪ್ಪು ಹಿಡಿದ ಊರಲ್ಲಿ
ಮಾಡುಗಳೆಲ್ಲ ಉತ್ತರಕ್ಕೇ ಮುಖ ಮಾಡಿ ಕೂತಿವೆ.
ನಮ್ಮದರ ಮೇಲೆ ಹದಿನಾಲ್ಕು ಫಲಕ,
ಅವುಗಳಡಿ ಎರಡು ಜೊತೆ ಪಾರಿವಾಳ, ಬಾಡಿಗೆಯಿಲ್ಲ.

ಮೂವತ್ತೊಂದು ವರ್ಷ ಬಾಯ್ಲರಿನ ಬೂದಿ ಕೊಡವಿದ ಮಿರ್ಕೊ
ಈಗ ಬೆಳಗಿನ ತಂಪಿನಲ್ಲಿ ಏಣಿ ಹತ್ತಿ
ಉದ್ದ ಹಿಡಿಕೆಯ ಬ್ರಷ್ಷಿನಿಂದ ಕೆಂಪು ಧೂಳು ತೊಳೆಯುತ್ತಾನೆ.
ಇಳಿದ ಮೇಲೆ ಹತ್ತು ನಿಮಿಷ ಕೆಮ್ಮು.
ಅದು ಈ ಧೂಳಿನದಲ್ಲ, ಹಳೆಯ ಬಾಕಿ.

ಚಿಮಣಿಗೆ ಮದ್ದಿಟ್ಟು ಬೀಳಿಸಿದ ದಿನ
ಊರಿಗೂರೇ ಮಡಚುವ ಕುರ್ಚಿ ತಂದು ಕೂತಿತ್ತು.
ಇವನು ಬೆನ್ನು ತಿರುಗಿಸಿ ನಿಂತು
ಸದ್ದನ್ನಷ್ಟೇ ಕೇಳಿಸಿಕೊಂಡ.

ಕಾರು ಬಂದದ್ದು ಎಷ್ಟೋ ವರ್ಷದ ಮೇಲೆ. ಸೆಕೆಂಡ್ ಹ್ಯಾಂಡ್,
ತಿಳಿಹಸಿರು, ಬಾಗಿಲಲ್ಲಿ ಯಾರದೋ ನಾಯಿಯ ಗೀರು.
ಸದ್ದೇ ಮಾಡದ ಯಂತ್ರವನ್ನು ನಂಬುವುದು ಹೇಗೆಂದು
ಮೊದಲ ವಾರವೆಲ್ಲ ಬಾನೆಟ್ಟಿಗೆ ಕಿವಿಯಿಟ್ಟು ನಿಂತಿರುತ್ತಿದ್ದ.

ಆಮೇಲೆ ಶುರುವಾಯಿತು ನೋಡಿ ಲೆಕ್ಕ.
ಗಾಳಿ ಬಂದಾಗ ತೂರಿಕೋ ಅಂತಾರಲ್ಲ,
ನಮ್ಮಲ್ಲಿ ಬಿಸಿಲು ಬಂದಾಗ ತೊಳೆದುಕೋ.
ಹನ್ನೊಂದರಿಂದ ಮೂರರ ತನಕ
ಬಟ್ಟೆ, ಪಾತ್ರೆ, ಬ್ರೆಡ್ಡು, ನನ್ನ ಇಸ್ತ್ರಿ, ಅವನ ಕಾರು,
ಎಲ್ಲಕ್ಕೂ ಪಾಳಿ. ಗೋಡೆಗೆ ಚೀಟಿ.
ಪಾಳಿಯ ಮನುಷ್ಯ, ಪಾಳಿಯಿಲ್ಲದಿದ್ದರೆ ನಿದ್ದೆ ಬರದು.
ಮೋಡ ಕಂಡರೆ ನನ್ನ ಕಡೆ ನೋಡುತ್ತಾನೆ,
ನಾನೇ ಕರೆಸಿದ ಹಾಗೆ.
ಸಂಜೆ ಏಳಕ್ಕೆ ಕೆಟಲ್ ಇಟ್ಟರೆ
ಫೋನಿನಲ್ಲಿ ಕೆಂಪು ಗೆರೆ ಏಳುತ್ತದೆ:
"ಕಂಬದ ಕರೆಂಟು ಕುಡೀತಿದ್ದೀ."
ಚಹಾ ಕುಡೀತಿದ್ದೀನಿ ಅಂತೀನಿ.

ಜನವರಿ. ನಲವತ್ತೈದು ಡಿಗ್ರಿ.
ಎರಡು ದಿನ ಧೂಳು ಕವಿದು, ಮೂರನೆಯ ಸಂಜೆ ಬಿರುಗಾಳಿ.
ಊರಾಚೆ ಕಂಬಗಳು ಒಂದರ ಮೇಲೊಂದು ಒರಗಿ
ಬೀದಿಗೆ ಬೀದಿ ಕಪ್ಪಾಯಿತು.
ಕಾರಿನಲ್ಲಿ ಮೂವತ್ತೆಂಟು.
ಮೂವತ್ತೆಂಟು ಎಂದರೆ ಎಪ್ಪತ್ತೈದು ಕಿಲೋಮೀಟರು,
ಎಂದರೆ ಬೆಳಗ್ಗೆ ಎಂಟೂವರೆಗೆ ಶ್ವಾಸಕೋಶದ ಡಾಕ್ಟರು,
ಏಳು ತಿಂಗಳು ಕಾದ ದಿನ.
ಶರ್ಟು ಆಗಲೇ ಮೊಳೆಗೆ ತೂಗಿತ್ತು.

ಬೇಲಿಯಾಚೆ ಟಾರ್ಚು ಅಲ್ಲಾಡಿತು.
ಐಲ್ಸಳ ಆಮ್ಲಜನಕದ ಪೆಟ್ಟಿಗೆ ನಿಂತುಹೋಗಿದೆ,
ಬದಲಿ ಸಿಲಿಂಡರು ಎರಡೇ ಗಂಟೆಯದು.

ಫೋನು ನೋಡದೆ ಒಂದು ಹೆಜ್ಜೆ ಇಡದವನು
ಅಂದು ನೋಡಲಿಲ್ಲ.
ಶೆಡ್ಡಿನಿಂದ ಕಿತ್ತಳೆ ಬಣ್ಣದ ಕೇಬಲ್ಲು ಎಳೆದು
ಬೇಲಿ ದಾಟಿಸಿ ಅವಳ ಅಡುಗೆಮನೆ ಕಿಟಕಿಯೊಳಗೆ ತೂರಿಸಿದ.
ಪೆಟ್ಟಿಗೆ ಗುಕ್ಕೆಂದು ಒಮ್ಮೆ ನುಂಗಿ
ಉಸಿರಾಡತೊಡಗಿತು.
"ಅವಳ ಫ್ರಿಜ್ಜಿಗೂ ಹಾಕು," ಅಂದೆ. "ಫ್ಯಾನಿಗೂ."
ಹಾಕಿದ.

ರಾತ್ರಿಯಿಡೀ ಮುಂಸೀಟಿನಲ್ಲಿ ನಾವಿಬ್ಬರು,
ಬಾಗಿಲು ತೆರೆದು, ಕಾಲು ಹೊರಗೆ ಚಾಚಿ.
ಮೂವತ್ತನಾಲ್ಕು. ಇಪ್ಪತ್ತೊಂಬತ್ತು.
ಕಾರು ನಿಂತಲ್ಲೇ ನಿಂತಿತ್ತು,
ಡಾಕ್ಟರ ಊರು ಹಿಂದಕ್ಕೆ ಸರಿಯುತ್ತಿತ್ತು.
ಹಿಂದೆ ಟರ್ಬೈನಿಗೆ ಕಿವಿಗೊಡುತ್ತಿದ್ದ ಹಾಗೆ
ತಲೆ ಓರೆಮಾಡಿ ಬೇಲಿಯಾಚೆಯ ಸದ್ದು ಕೇಳುತ್ತ ಕೂತ.
"ಫಿಲ್ಟರು ಕೊಳೆಯಾಗಿದೆ," ಅಂದ ಮೂರರ ಹೊತ್ತಿಗೆ,
"ನಾಳೆ ತೊಳೀಬೇಕು."

ಬೆಳಗಿಗೆ ಹನ್ನೊಂದು.
ಬೆಟ್ಟಸಾಲಿನ ಮೇಲೆ ಬಿಸಿಲು ಎಂದಿನಂತೆ,
ಯಾರಿಗೂ ಏನೂ ಆಗಿಲ್ಲವೆಂಬಂತೆ.

ಆಸ್ಪತ್ರೆಯವರು ಮೇ ಹದಿನೇಳು ಕೊಟ್ಟರು.
ಬರೆದುಕೊಂಡು ಪಾಳಿಯ ಚೀಟಿಯಡಿ ಸಿಕ್ಕಿಸಿದ.
ಕರೆಂಟು ಬಂದ ದಿನ ಐಲ್ಸ ಕೇಬಲ್ಲು ಸುತ್ತಿ ಕಳಿಸಿದಳು,
ಜೊತೆಗೊಂದು ಬಾಟಲಿ ಅಂಜೂರದ ಜಾಮು.
ತಪ್ಪು ಸುತ್ತಿದ್ದಾಳೆ ಅಂತ ಗೊಣಗಿ
ಅಂಗಳದುದ್ದಕ್ಕೂ ಬಿಚ್ಚಿ ಹಾಸಿ
ಹೆಬ್ಬೆರಳಿಗೆ, ಮೊಣಕೈಗೆ, ಹೆಬ್ಬೆರಳಿಗೆ, ಮತ್ತೆ ಸುತ್ತಿದ,
ನಡುವೆ ಎರಡು ಸಲ ನಿಂತು,
ಉಸಿರು ತೆಗೆದುಕೊಳ್ಳಲು.