ಮೂವತ್ತಾರರ ಪೆಟ್ಟಿಗೆ

ಸಿಂಧನೂರಿನ ನೀರಾವರಿ ಕಚೇರಿ, ಹಿಂದಿನ ಕೋಣೆ.
ಒಂದು ಫ್ಯಾನು. ತಂತಿ ಸುತ್ತಿ ನಿಲ್ಲಿಸಿದ ಕುರ್ಚಿ.
ಗೋಡೆಗೆ ಎಡದಂಡೆಯ ನಕ್ಷೆ, ನಕ್ಷೆಯ ಮೇಲೆ ಹಲ್ಲಿ.
ನನ್ನ ಎದುರಿನ ಪರದೆಯಲ್ಲಿ ನಲವತ್ತೊಂದು ಚುಕ್ಕೆ.

ಒಂದೊಂದು ಚುಕ್ಕೆಯೂ ಒಂದೊಂದು ತೂಬಿನ ಬಳಿ
ಕಂಬಕ್ಕೆ ಬಿಗಿದ ಪೆಟ್ಟಿಗೆ.
ಒಳಗೊಂದು ಸಿಮ್ಮು, ಅಂಗೈಯಗಲದ ಬ್ಯಾಟರಿ,
ನೀರಿನ ಎತ್ತರ ನೋಡುವ ಒಂದು ಕಣ್ಣು.
ಇರುವೆ ಗೂಡು ಕಟ್ಟಿದ್ದುಂಟು;
ಒಮ್ಮೆ ಹಾವಿನ ಪೊರೆ ಸಿಕ್ಕಿತ್ತು.

ಕಂಬ ಕದಲುವುದಿಲ್ಲ, ವಿಳಾಸ ನಿಲ್ಲುವುದಿಲ್ಲ.
ನಾಲ್ಕು ಅಂಕಿ, ನಡುವೆ ಮೂರು ಚುಕ್ಕಿ:
ಸಿಮ್ಮಿನ ಕಂಪನಿ ರಾತ್ರೋರಾತ್ರಿ
ಆ ಚೀಟಿ ಕಿತ್ತು ಇನ್ನೊಂದು ಅಂಟಿಸುತ್ತದೆ.
ಬೆಳಗ್ಗೆ ಬಂದು ನಾನು ಹಳೆಯ ಬಾಗಿಲು ತಟ್ಟುತ್ತೇನೆ.
ಜವಳಗೇರಾ ಹೊಡೆದುಹಾಕು, ಹೊಸದು ಬರೆ.
ತುರ್ವಿಹಾಳ ಹೊಡೆದುಹಾಕು, ಹೊಸದು ಬರೆ.
ನೋಟ್‌ಬುಕ್ಕು ತುಂಬಿ ರಟ್ಟಿನ ಮೇಲೂ ಬರೆದೆ.

ಆಗಸ್ಟಿನಲ್ಲಿ ಮೂವತ್ತಾರು ಮಾತ್ರ ಬಲು ಒಳ್ಳೆಯದು.
ಮೂರು ದಿನ ಹಸಿರು.
ತಟ್ಟಿದಾಗೆಲ್ಲ ಉತ್ತರ: ಇದ್ದೇನೆ.
ಅಂಗಳದಿಂದ ಓ ಎನ್ನುವ ಮಗುವಿನಷ್ಟು ಬೇಗ.
ನೀರು ನಾಲ್ಕಡಿ ಎರಡಿಂಚು. ಮರುದಿನವೂ ಅಷ್ಟೇ.
ಅದರ ಮರುದಿನವೂ.
ಕಾಲುವೆ ಶಾಂತವಾಗಿದೆ ಅಂದುಕೊಂಡೆ.

ನಾಲ್ಕನೆಯ ದಿನ ಗ್ಯಾಂಗ್‌ಮನ್ ಯಂಕೋಬನ ಫೋನು,
ಎಂದಿನಂತೆ ಯಾರದೋ ನಂಬರಿನಿಂದ:
"ಅಕ್ಕೋರೆ, ನಿಮ್ಮ ಪೆಟಿಗಿ ಕಂಬದ ಸಮೇತ ಕೆಳಗ ಬಿದ್ದೈತ್ರಿ.
ಮೂರು ದಿನ ಆತು.
ಕೊನಿ ತೂಬಿನಾಗ ಕೋಲು ಇಟ್ಟರ ತುದಿ ತೊಯ್ಯಂಗಿಲ್ಲ."
ಅಷ್ಟರಲ್ಲಿ ಕಚೇರಿಯ ಮುಂದೆ ಟ್ರ್ಯಾಕ್ಟರುಗಳು ಬಂದು ನಿಂತವು.

ಹಾಗಾದರೆ ಓಗೊಟ್ಟವರು ಯಾರು?
ಸತ್ತ ಪೆಟ್ಟಿಗೆಯ ಚೀಟಿಯನ್ನು ಕಂಪನಿ
ಬೇರೆ ಯಾವುದಕ್ಕೋ ಅಂಟಿಸಿತ್ತು.
ಅಕ್ಕಿ ಗಿರಣಿಯ ಕ್ಯಾಮೆರಾ ಇರಬಹುದು,
ಯಾವುದೋ ಊರಿನ ಪೆಟ್ರೋಲ್ ಬಂಕಿನ ಯಂತ್ರವಿರಬಹುದು.
ಅದು ಸುಳ್ಳು ಹೇಳಲಿಲ್ಲ.
ನಾನು ಕೇಳಿದ್ದು "ಇದ್ದೀಯಾ?" ಎಂದಷ್ಟೇ.
"ಯಾರು?" ಎಂದು ಕೇಳಿರಲೇ ಇಲ್ಲ.

ಕಂಬ ನೆಡಲು ಬಂದವನು ಬಿಮಲ್ ಮಂಡಲ್,
ಮೂರನೇ ಕ್ಯಾಂಪಿನವನು.
ಬೈಕಿಗೆ ಏಣಿ ಕಟ್ಟಿಕೊಂಡು ಬಂದಿದ್ದ.
ಸಿಮೆಂಟು ಕಲಸುತ್ತ ನನ್ನ ಕತೆ ಕೇಳಿ ನಕ್ಕ.
"ನಮ್ಮ ಅಜ್ಜಿದೂ ಇದೇ ಕತಿರೀ ಮೇಡಂ.
ಖುಲ್ನಾದಾಗ ಮನಿ. ಆಮ್ಯಾಲ ರೈಲು, ಯಾವುದೋ ಕಾಡಿನ ಟೆಂಟು,
ಆಮ್ಯಾಲ ಇಲ್ಲಿ, ಈ ಕರಿ ಮಣ್ಣು.
ಅಜ್ಜಿ ಅಣ್ಣ ಹಳೇ ಮನಿಗೇ ಕಾಗದ ಬರೀತಿದ್ದ.
ಅಲ್ಲಿ ಆಗಲೇ ಬೇರೆಯವರ ಒಲಿ ಉರೀತಿತ್ತು;
ಅವರೂ ಕಾಗದ ಇಸ್ಕೊಂತಿದ್ದರು, ವಾಪಸ್ ಕಳಿಸ್ತಿರಲಿಲ್ಲ.
ತಂಗಿಗೆ ಮುಟ್ಟೈತಿ ಅಂತ ಅಣ್ಣ ಏಳು ವರ್ಷ ಖುಷಿಯಾಗಿದ್ದ!
ಕಡೀಗೆ ಅಜ್ಜಿನೇ ಒಂದು ಕಾರ್ಡು ಹಾಕಿದಳು:
ನಾನು ಶೈಲಬಾಲಾ, ಇಲ್ಲಿದ್ದೀನಿ ಅಂತ."
ಕರಣೆ ಒರೆಸಿ, ಕಂಬಕ್ಕೆ ಮಟ್ಟಗೋಲು ಹಿಡಿದ.

ಆ ರಾತ್ರಿ ಮನೆಗೆ ಹೋಗಲಿಲ್ಲ.
ತಟ್ಟುವ ಸಾಲುಗಳನ್ನೆಲ್ಲ ಅಳಿಸಿ
ಪ್ರತಿ ಪೆಟ್ಟಿಗೆಗೂ ಒಂದು ಹೆಸರು ಕೊಟ್ಟೆ,
ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಕೊಟ್ಟೆ.
ಇನ್ನು ನಾನು ಹುಡುಕುವುದಿಲ್ಲ.
ಐದೈದು ನಿಮಿಷಕ್ಕೆ ಅವೇ ಕೂಗಬೇಕು:
ನಾನು ಇಂಥವಳು, ಇವತ್ತು ಈ ಚೀಟಿಯ ಕೆಳಗಿದ್ದೇನೆ, ನೀರು ಇಷ್ಟು.
ಮೂರು ಸಲ ಕೂಗದಿದ್ದರೆ ಕೆಂಪು.
ಹೊಸ ನೋಟ್‌ಬುಕ್ಕಿನಲ್ಲಿ ಹೆಸರು ಪೆನ್ನಿನಲ್ಲಿದೆ,
ವಿಳಾಸ ಪೆನ್ಸಿಲಿನಲ್ಲಿ.

ಆ ಹಳೆಯ ನಾಲ್ಕು ಅಂಕಿ ಬಾಯಿಪಾಠವಾಗಿಬಿಟ್ಟಿವೆ.
ಕೆಲಸವಿಲ್ಲದ ಮಧ್ಯಾಹ್ನ ಒಮ್ಮೆ ತಟ್ಟಿ ನೋಡಿದೆ.
ಇದ್ದೇನೆ, ಎಂದಿತು.
ಇರು, ಎಂದು ಮುಚ್ಚಿದೆ.

ಸಂಜೆ ಆರಕ್ಕೆ ಫೋನು. ಹೊಸ ನಂಬರು.
ಎತ್ತಿದರೆ ಮೊದಲು ಕೆಮ್ಮು,
ಹಿಂದೆ ಯಾರೋ ಎಮ್ಮೆ ಅಟ್ಟುವ ಸದ್ದು.
"ಮೂವತ್ತಾರು. ಮೂರಡಿ ಒಂಬತ್ತಿಂಚು."
ಹೆಸರು ಹೇಳುವುದಿಲ್ಲ.
ಪರದೆ ಮೂರಡಿ ಎಂಟು ಎನ್ನುತ್ತಿದೆ.
ನಾನು ಒಂಬತ್ತು ಬರೆದುಕೊಳ್ಳುತ್ತೇನೆ.